ಶಿಶುಪಾಲನೆ: ಮಗುವಿಗೆ ಭೇದಿಯಾದಾಗ ಮನೆಯಲ್ಲಿ ಮಾಡತಕ್ಕ ಉಪಚಾರ

ಮುಂಗಾರು ಹಿಡಿದು, ಕೆರೆ ಬಾವಿಗಳಿಗೆ ಹೊಸ ನೀರು ಬಂದು, ನೊಣಗಳು ಹೆಚ್ಚುವ ಕಾಲವು ಬೆಳೆಯನ್ನು ನೆಚ್ಚಿದ ಹಿರಿಯರಿಗೆ ಸಂತೋಷದ ಕಾಲವಾದರೂ ಎಳೆಯ ಮಕ್ಕಳಿಗೆ ಕಷ್ಟದ ಕಾಲವಾಗಿರುವುದು. ನಿನ್ನೆ ಸಂಜೆಯ ತನಕ ಅಂಬೆಗಾಲಿಟ್ಟು ಮನೆಯನ್ನೆಲ್ಲ ಸುತ್ತುತ್ತಿದ್ದ ಕೂಸು ಈ ದಿನ ಬೆಳಗಾಗುವುದರೊಳಗೆ ನಾಲ್ಕೈದು ಸಾರಿ ನೀರಿನಂತೆ ಭೇದಿ ಮಾಡಿಕೊಂಡು, ಕಣ್ಣು ಬಾಡಿ, ತಾಯಿಯ ಹೆಗಲನ್ನು ಬಿಡದೆ ಮಲಗಿರುವುದನ್ನು ಕಾಣದ ಮನೆಯುಂಟೆ? ಆದುದರಿಂದ ಈ ತಿಂಗಳು ಶಿಶುಗಳ ಭೇದಿಯನ್ನು ಕುರಿತು, ಅದರಲ್ಲಿಯೂ ವೈದ್ಯರು ದೊರೆಯುವುದಕ್ಕೆ ಮುಂಚೆ ಮನೆಯವರು ಮಾಡಬೇಕಾದುದನ್ನು ಕುರಿತು, ನಾಲ್ಕು ಮಾತುಗಳನ್ನು ಹೇಳಬೇಕೆಂದಿರುವೆವು.

ಇದು ಸಣ್ಣ ರೋಗವೆಂದು ಅಸಡ್ಡೆ ಮಾಡುವಂತಹುದಲ್ಲ. ವಿಶ್ವ ಆರೋಗ್ಯ ಸಂಸ್ಥೆಯವರು 2024ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ ಐದು ವರ್ಷದೊಳಗಿನ ಸುಮಾರು 4,40,000 ಮಕ್ಕಳು ಪ್ರತಿ ವರ್ಷವೂ ಭೇದಿಯಿಂದಲೇ ಪ್ರಪಂಚದಲ್ಲಿ ಪ್ರಾಣಬಿಡುತ್ತಿರುವರು. ಇವರಲ್ಲಿ ಬಹುಮಂದಿಯನ್ನು ಉಳಿಸಬಹುದಾದ ಸಾಧನವು ಬಹು ಅಗ್ಗವಾದುದು, ಬಹು ಸುಲಭವಾದುದು, ತಾಯಿಯ ಕೈಯಿಂದಲೇ ಆಗತಕ್ಕುದು. ಹೀಗಿದ್ದೂ ಅದು ಎಲ್ಲ ಮಕ್ಕಳ ಬಾಯಿಗೂ ಬೀಳುತ್ತಿಲ್ಲ. ನಮ್ಮ ದೇಶದಲ್ಲಿ 2019ರಿಂದ 2021ರ ವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಭೇದಿಯಾದ ಮಕ್ಕಳಲ್ಲಿ ನೂರಕ್ಕೆ ಸುಮಾರು 60 ಮಂದಿಗೆ ಮಾತ್ರ ಓ. ಆರ್. ಎಸ್. ನೀರನ್ನು ಕುಡಿಸಿದ್ದರೆಂದು ತಿಳಿದುಬಂದಿತು. ಮಿಕ್ಕ 40 ಮಕ್ಕಳ ಮನೆಗಳಲ್ಲಿ ನೀರೂ ಇತ್ತು, ಕುಡಿಸುವ ಕೈಗಳೂ ಇದ್ದುವು. ಆ ಸಮಯಕ್ಕೆ ಬೇಕಾದ ತಿಳಿವಳಿಕೆಯೊಂದು ಒದಗಲಿಲ್ಲ.

ರೋಗದ ಸ್ವರೂಪ

ಮಗುವು ಸೊರಗುವುದು ಭೇದಿಯಿಂದ ಎಂದು ನಾವು ಹೇಳುವೆವಾದರೂ, ನಿಜವಾಗಿ ಅದರ ಪ್ರಾಣಕ್ಕೆ ಸಂಚಕಾರ ತರುವುದು ಭೇದಿಯೊಡನೆ ಹೊರಟುಹೋಗುವ ನೀರು ಮತ್ತು ಉಪ್ಪಿನ ನಷ್ಟವೇ. ಹುಟ್ಟಿದ ಕೂಸಿನ ತೂಕದಲ್ಲಿ ನೂರಕ್ಕೆ ಸುಮಾರು 75 ಪಾಲು ನೀರೇ ಇರುವುದು. ಒಂದು ವರ್ಷದ ಮಗುವಿನ ತೂಕವನ್ನು ಸುಮಾರು 10 ಕಿಲೋ ಎಂದಿಟ್ಟುಕೊಳ್ಳೋಣ. ಈ ಮಗುವು ಅರ್ಧ ಲೀಟರು ನೀರನ್ನು ಕಳೆದುಕೊಂಡರೆ ಅದರ ಮುಖವು ಬಾಡಿ, ಬಾಯಾರಿ, ಕಿರಿಕಿರಿ ಮಾಡಹತ್ತುವುದು. ಒಂದು ಲೀಟರನ್ನು ಕಳೆದುಕೊಂಡರೆ ಪ್ರಾಣಕ್ಕೇ ಅಪಾಯವು ಬಂದಿರುವುದು. 60 ಕಿಲೋ ತೂಕದ ದೊಡ್ಡವರು ಇದೇ ಪ್ರಮಾಣದಲ್ಲಿ ನೀರನ್ನು ಕಳೆದುಕೊಳ್ಳಬೇಕಾದರೆ ಆರು ಲೀಟರು ಹೋಗಬೇಕು. ದೊಡ್ಡವರಿಗೆ ಎರಡು ದಿನ ಹಿಡಿಯುವ ದುರವಸ್ಥೆಯು ಶಿಶುವಿಗೆ ಒಂದು ರಾತ್ರಿಯಲ್ಲಿ ಏಕೆ ಬರುವುದೆಂಬುದು ಈ ಲೆಕ್ಕದಿಂದ ತಿಳಿಯುವುದು.

ಹಲ್ಲು ಹುಟ್ಟುವ ಕಾಲದಲ್ಲಿ ಭೇದಿಯಾಗುವುದು ಸಹಜವೆಂದು ಅನೇಕರು ಸುಮ್ಮನಿರುವುದುಂಟು. ಹಲ್ಲು ಹುಟ್ಟುವುದರಿಂದಲೇ ನೀರುಭೇದಿಯುಂಟಾಗದು. ಆ ವಯಸ್ಸಿನ ಕೂಸು ನೆಲದ ಮೇಲೆ ಬಿದ್ದುದನ್ನೆಲ್ಲ ಬಾಯಿಗಿಡುವುದು. ತಾಯಿಯ ಹಾಲಿನ ಜತೆಗೆ ಹೊರಗಿನ ಆಹಾರವೂ ಆಗತಾನೆ ಆರಂಭವಾಗಿರುವುದು. ಕೊಳೆಯೊಡನೆ ರೋಗಾಣುಗಳು ಹೊಟ್ಟೆಗೆ ಹೋಗುವುದೇ ಕಾರಣವು. ಹಲ್ಲಿನ ಹೆಸರಿನಲ್ಲಿ ಕಳೆದ ಒಂದು ದಿನವು ಮಗುವಿಗೆ ಬಹು ದುಬಾರಿಯಾಗಿ ಪರಿಣಮಿಸಬಹುದು.

ಒಂದು ಹಳೆಯ ನಂಬಿಕೆ

“ಲಂಘನಂ ಪರಮೌಷಧಂ” ಎಂಬ ಮಾತನ್ನು ನಮ್ಮಲ್ಲಿ ಬಲ್ಲದವರಿಲ್ಲ. ಉಂಡು ಅಜೀರ್ಣ ಮಾಡಿಕೊಂಡ ದೊಡ್ಡವರಿಗೆ ಇದು ಒಪ್ಪುವ ಮಾತಾಗಿರಬಹುದು. ಆದರೆ ಭೇದಿಯಾದ ಕೂಸಿಗೆ ಇದನ್ನು ಅನ್ವಯಿಸುವುದು ಸರ್ವಥಾ ತಪ್ಪು. “ಕುಡಿದದ್ದೆಲ್ಲ ಹೊರಕ್ಕೆ ಹೋಗುತ್ತಿದೆ, ಇನ್ನು ಕುಡಿಸಿದರೆ ಇನ್ನಷ್ಟು ಹೋದೀತು, ಹೊಟ್ಟೆಗೆ ವಿಶ್ರಾಂತಿ ಕೊಡಿ” ಎಂದು ಮನೆಯ ಹಿರಿಯರು ಪ್ರೀತಿಯಿಂದಲೇ ಹೇಳುವರು. ಸೊಸೆಯು ಎದುರಾಡಲಾರದೆ ಹಾಲನ್ನು ನಿಲ್ಲಿಸುವಳು, ನೀರನ್ನೂ ನಿಲ್ಲಿಸುವಳು. ಕೂಸು ಬಾಯಾರಿ ಅಳುವುದು. ಕೊಂಚ ಹೊತ್ತಿನ ಮೇಲೆ ಅಳುವುದಕ್ಕೂ ಶಕ್ತಿಯಿಲ್ಲದೆ ಸುಮ್ಮನಾಗುವುದು. “ಸದ್ಯ, ಮಗು ನಿದ್ದೆ ಮಾಡಿತು” ಎಂದು ಮನೆಯವರು ನಿಟ್ಟುಸಿರುಬಿಡುವರು. ಆ ನಿದ್ದೆಯು ನಿದ್ದೆಯಲ್ಲ, ನೀರು ಬತ್ತಿದುದರಿಂದ ಬಂದ ಮಂಕು ಆಗಿರಬಹುದೆಂಬುದನ್ನು ಎಲ್ಲರೂ ಅರಿತಿರಬೇಕು.

ಹಿರಿಯರನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಅವರೂ ಮಗುವಿನ ಕ್ಷೇಮವನ್ನೇ ಬಯಸುವರು. ಅವರ ಕಾಲದಲ್ಲಿ ವೈದ್ಯರು ಸಹ ಹೀಗೆಯೇ ಹೇಳುತ್ತಿದ್ದುದುಂಟು. ಅಜ್ಜಿಯು ಕಡ್ಡಿ ಪೊರಕೆಯಿಂದಲೋ ಉಪ್ಪು ಮೆಣಸಿನಕಾಯಿಯಿಂದಲೋ ದೃಷ್ಟಿ ತೆಗೆಯುವುದಾದರೆ ತೆಗೆಯಲಿ. ಆ ಹೊತ್ತಿನಲ್ಲಿಯೂ ಮಗುವಿನ ಬಾಯಿಗೆ ನೀರಿನ ಚಮಚವು ನಿಲ್ಲದಿದ್ದರಾಯಿತು. ಆದರೆ ಎಳೆಯ ಮೈಗೆ ಬರೆ ಹಾಕಿಸುವುದು, ಭೇದಿ ಕಟ್ಟುವುದಕ್ಕೆಂದು ಕಂಡಕಂಡ ಮದ್ದನ್ನು ತೇದು ಕುಡಿಸುವುದು, ದೊಡ್ಡವರಿಗೆಂದು ತಂದಿಟ್ಟಿದ್ದ ಭೇದಿಯ ಮಾತ್ರೆಯನ್ನು ಮುರಿದು ಕೊಡುವುದು, ಇವುಗಳಿಗೆ ಮಾತ್ರ ಎಡೆಗೊಡಲೇ ಕೂಡದು. ಕರುಳಿನ ಚಲನೆಯನ್ನು ಬಲಾತ್ಕಾರದಿಂದ ತಡೆಯುವ ಔಷಧಗಳು ಶಿಶುಗಳಿಗೆ ಅಪಾಯಕರವಾದುವು.

ಉಪ್ಪು ಸಕ್ಕರೆಯ ಮರ್ಮ

ಹಾಗಾದರೆ ಕುಡಿಸಿದ ನೀರೆಲ್ಲ ಹೊರಕ್ಕೆ ಹೋಗುವುದಿಲ್ಲವೆ ಎಂಬ ಪ್ರಶ್ನೆಗೆ ಉತ್ತರ ಹೇಳಬೇಕಾಗಿರುವುದು. ಬರಿಯ ನೀರನ್ನು ಕುಡಿಸಿದರೆ ಹೋದ ಉಪ್ಪು ತುಂಬಿಬರುವುದಿಲ್ಲ. ಬರಿಯ ಉಪ್ಪುನೀರನ್ನು ಕುಡಿಸಿದರೆ ಕೆರಳಿದ ಕರುಳು ಅದನ್ನು ಚೆನ್ನಾಗಿ ಹೀರಿಕೊಳ್ಳಲಾರದು. ಆದರೆ ಉಪ್ಪಿನೊಡನೆ ತಕ್ಕ ಪ್ರಮಾಣದ ಗ್ಲೂಕೋಸು ಸೇರಿದರೆ ಸಂಗತಿಯೇ ಬೇರೆಯಾಗುವುದು. ಸಣ್ಣ ಕರುಳಿನ ಒಳಗೋಡೆಯಲ್ಲಿ ಇವೆರಡನ್ನೂ ಜತೆಯಾಗಿ ಮಾತ್ರ ಒಳಕ್ಕೆ ಬಿಡುವ ಬಾಗಿಲುಗಳಿರುವುವು. ಗ್ಲೂಕೋಸಿನ ಕೈಹಿಡಿದು ಉಪ್ಪು ಒಳಹೊಗುವುದು. ಉಪ್ಪನ್ನು ಹಿಂಬಾಲಿಸಿ ನೀರು ಒಳಹೊಗುವುದು. ಭೇದಿಯು ಎಷ್ಟು ಪ್ರಬಲವಾಗಿದ್ದರೂ ಈ ಬಾಗಿಲುಗಳು ಬಹುಮಟ್ಟಿಗೆ ತೆರೆದೇ ಇರುವುವು. ಆದುದರಿಂದಲೇ ಮಗುವು ಭೇದಿ ಮಾಡಿಕೊಳ್ಳುತ್ತಿರುವಾಗಲೂ ಕುಡಿಸಿದ ನೀರಿನಲ್ಲಿ ಹೆಚ್ಚು ಭಾಗವು ಮೈಗೆ ಹತ್ತುವುದು.

ಪ್ರಮಾಣ ತಪ್ಪಿ ಸಕ್ಕರೆಯು ಹೆಚ್ಚಾದರೆ ಫಲವು ತಿರುಗಿಬೀಳುವುದು. ಅತಿ ಸಿಹಿಯಾದ ನೀರು ಮೈಯೊಳಗಿನ ನೀರನ್ನೇ ಕರುಳಿಗೆ ಸೆಳೆದುಕೊಂಡು ಭೇದಿಯನ್ನು ಹೆಚ್ಚಿಸುವುದು. ಅಂಗಡಿಯ ಸೋಡಾ ಪಾನಕ, ಪೊಟ್ಟಣದ ಹಣ್ಣಿನ ರಸ ಮುಂತಾದುವನ್ನು ಭೇದಿಯಾದ ಮಗುವಿಗೆ ಕೊಡಬಾರದೆಂದು ಹೇಳುವುದು ಇದಕ್ಕಾಗಿಯೇ.

ಈ ಉಪಾಯವು ದೊಡ್ಡ ಆಸ್ಪತ್ರೆಗಳಿಂದಾಚೆಗೆ ಹೇಗೆ ಬಂದಿತೆಂಬುದನ್ನು ತಿಳಿದರೆ ಮನೆಯವರಿಗೆ ಧೈರ್ಯವುಂಟಾಗುವುದು. 1971ರಲ್ಲಿ ಪೂರ್ವ ಪಾಕಿಸ್ತಾನದ ಯುದ್ಧದಿಂದ ಲಕ್ಷಗಟ್ಟಲೆ ಜನರು ಗಡಿ ದಾಟಿ ಪಶ್ಚಿಮ ಬಂಗಾಳಕ್ಕೆ ಓಡಿಬಂದಾಗ ನಿರಾಶ್ರಿತರ ಶಿಬಿರಗಳಲ್ಲಿ ಕಾಲರಾ ಬೇನೆಯು ಹಬ್ಬಿತು. ಬನಗಾಂವ್ ಎಂಬ ಊರಿನ ಆಸ್ಪತ್ರೆಯಲ್ಲಿ ರೋಗಿಗಳು ನೆಲದ ಮೇಲೆಲ್ಲ ಮಲಗಿದ್ದರು. ರಕ್ತನಾಳದ ಮೂಲಕ ಏರಿಸುವ ನೀರು ಸಾಲದಾಯಿತು. ಆಗ ಡಾಕ್ಟರ್ ದಿಲೀಪ್ ಮಹಲನಬಿಸ್ ಎಂಬ ವೈದ್ಯರು ಉಪ್ಪು, ಅಡಿಗೆ ಸೋಡಾ ಮತ್ತು ಗ್ಲೂಕೋಸನ್ನು ತೂಗಿ ಪೊಟ್ಟಣ ಕಟ್ಟಿಸಿ, ನೀರಿನಲ್ಲಿ ಕದಡಿಸಿ, ರೋಗಿಗಳ ಬಂಧುಗಳ ಕೈಯಿಂದಲೇ ಲೋಟ ಲೋಟವಾಗಿ ಕುಡಿಸಿದರು. ಮೊದಲು ನೂರಕ್ಕೆ ಸುಮಾರು 30ರಷ್ಟಿದ್ದ ಮರಣವು ಈ ಕ್ರಮದಿಂದ ನೂರಕ್ಕೆ 4ಕ್ಕಿಂತ ಕೆಳಗಿಳಿಯಿತು. ಕುಡಿಸಿದವರು ಯಾರು? ತರಬೇತಿ ಪಡೆದ ದಾದಿಯರಲ್ಲ. ಆ ರೋಗಿಗಳ ತಾಯಂದಿರು, ಅಕ್ಕತಂಗಿಯರು, ಗಂಡಂದಿರು. 2022ರಲ್ಲಿ ಕಾಲವಶರಾದ ಈ ಮಹನೀಯರಿಗೆ ಭಾರತ ಸರ್ಕಾರವು ಮರಣಾನಂತರ 2023ರಲ್ಲಿ ಪದ್ಮವಿಭೂಷಣ ಪ್ರಶಸ್ತಿಯನ್ನು ಘೋಷಿಸಿತು.

ಅದೇ ಬಂಗಾಳಿ ಜನರು ಸ್ವತಂತ್ರ ಬಾಂಗ್ಲಾದೇಶವನ್ನು ಕಟ್ಟಿಕೊಂಡ ಮೇಲೆ, 1980ರಿಂದ ಹತ್ತು ವರ್ಷಗಳ ಕಾಲ ಬ್ರಾಕ್ ಎಂಬ ಸೇವಾಸಂಸ್ಥೆಯ ಸ್ತ್ರೀಯರು ಮನೆಮನೆಗೂ ಹೋಗಿ, ಅರ್ಧ ಸೇರು ನೀರಿಗೆ ಮೂರು ಬೆರಳಿನ ಒಂದು ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ ಎಂಬ ಪಾಠವನ್ನು ತಾಯಂದಿರಿಗೆ ಹೇಳಿಕೊಟ್ಟರು. ಕಲಿತ ತಾಯಂದಿರು ಎಷ್ಟನ್ನು ನೆನಪಿಟ್ಟಿರುವರೆಂದು ಬೇರೊಬ್ಬರು ಹೋಗಿ ವಿಚಾರಿಸಿ, ಅದಕ್ಕೆ ತಕ್ಕಂತೆ ಕಲಿಸಿದವರಿಗೆ ಸಂಬಳ ಕೊಡುತ್ತಿದ್ದರಂತೆ! ಹೀಗೆ ಒಂದು ಕೋಟಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಮನೆಗಳಿಗೆ ಈ ವಿದ್ಯೆಯು ಮುಟ್ಟಿತು. ಓದುಬರಹ ಬಾರದ ತಾಯಂದಿರು ಸಾಧಿಸಿದುದು ನಮ್ಮ ಅಕ್ಷರಸ್ಥ ಗೃಹಸ್ಥರಿಗೆ ಅಸಾಧ್ಯವಾದುದೆ?

ಕದಡುವ ಕ್ರಮ

ಓ. ಆರ್. ಎಸ್. ಪುಡಿಯು ಔಷಧದ ಅಂಗಡಿಗಳಲ್ಲಿ ದೊರೆಯುವುದು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿಯೂ ಆಶಾ ಕಾರ್ಯಕರ್ತೆಯರಲ್ಲಿಯೂ ಕ್ರಯವಿಲ್ಲದೆ ದೊರೆಯುವುದು. ಪೊಟ್ಟಣವು ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಂತೆ ಮಾಡಿದುದೆ ಎಂಬುದನ್ನು ಓದಿ ನೋಡಬೇಕು. ಆ ಸೂತ್ರದಂತೆ ಒಂದು ಲೀಟರು ನೀರಿಗೆ ಗ್ಲೂಕೋಸು 13.5 ಗ್ರಾಂ, ಅಡಿಗೆಯ ಉಪ್ಪು 2.6 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡು 1.5 ಗ್ರಾಂ, ಸೋಡಿಯಂ ಸಿಟ್ರೇಟು 2.9 ಗ್ರಾಂ ಇರುವುದು. ಓ. ಆರ್. ಎಸ್. ಎಂಬ ಹೆಸರನ್ನು ಹೊತ್ತ ಸಿಹಿ ಪಾನೀಯಗಳು ಅನೇಕ ವರ್ಷಗಳ ಕಾಲ ಅಂಗಡಿಗಳಲ್ಲಿ ಮಾರಾಟವಾಗುತ್ತಿದ್ದು, 2025ರ ಅಕ್ಟೋಬರಿನಲ್ಲಿ ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವು ಅಂತಹ ಪಾನೀಯಗಳು ಆ ಹೆಸರನ್ನು ಬಳಸಕೂಡದೆಂದು ಆಜ್ಞೆ ಮಾಡಿತು. ಹೆಸರನ್ನು ನೋಡಿ ಮೋಸಹೋಗದೆ ಒಳಗಿರುವುದನ್ನು ಓದಿ ಕೊಳ್ಳುವುದು ಎಂದಿಗೂ ಕ್ಷೇಮ.

ಮೊದಲು ಕೈಗಳನ್ನು ಸಾಬೂನಿನಿಂದ ತೊಳೆದುಕೊಳ್ಳಬೇಕು. ನೀರನ್ನು ಕುದಿಸಿ ಆರಿಸಿಟ್ಟುಕೊಳ್ಳಬೇಕು. ದೊಡ್ಡ ಪೊಟ್ಟಣಕ್ಕೆ ಒಂದು ಲೀಟರು, ಸಣ್ಣ ಪೊಟ್ಟಣಕ್ಕೆ 200 ಮಿಲಿಲೀಟರು ನೀರು ಬೇಕಾಗುವುದು. ಪೊಟ್ಟಣದ ಮೇಲೆ ಬರೆದಿರುವ ಅಳತೆಯೇ ಪ್ರಮಾಣವು. ಅಳತೆಯ ಪಾತ್ರೆಯಿಲ್ಲದಿದ್ದರೆ ಒಂದು ಲೀಟರಿನ ನೀರಿನ ಬಾಟಲಿಯಿಂದ ಅಳೆಯಬಹುದು. ಪೊಟ್ಟಣವನ್ನು ಪೂರ್ತಿಯಾಗಿ ಒಂದೇ ಸಾರಿಗೆ ಹಾಕಬೇಕು. ಮಗು ಚಿಕ್ಕದೆಂದು ಒಂದು ಲೀಟರಿನ ಪೊಟ್ಟಣದಿಂದ ಒಂದೊಂದು ಚಿಟಿಕೆ ತೆಗೆದು ಲೋಟದಲ್ಲಿ ಕದಡುವುದು ಬಹು ಮನೆಗಳಲ್ಲಿ ಆಗುವ ತಪ್ಪು. ಹಾಗೆ ಮಾಡಿದರೆ ಒಂದು ಸಾರಿ ಉಪ್ಪು ಹೆಚ್ಚಾಗಿ ಅಪಾಯವೂ, ಇನ್ನೊಂದು ಸಾರಿ ಕಡಿಮೆಯಾಗಿ ನಿಷ್ಪ್ರಯೋಜನವೂ ಆಗುವುದು. ರುಚಿಗೆಂದು ಸಕ್ಕರೆಯನ್ನಾಗಲಿ, ಹಾಲನ್ನಾಗಲಿ ಸೇರಿಸಬಾರದು. ಕದಡಿದ ಮೇಲೆ ಮತ್ತೆ ಕುದಿಸಬಾರದು. ಮುಚ್ಚಿಟ್ಟು 24 ಗಂಟೆಗಳೊಳಗೆ ಬಳಸಿ, ಉಳಿದುದನ್ನು ಚೆಲ್ಲಿ ಹೊಸದಾಗಿ ಮಾಡಿಕೊಳ್ಳಬೇಕು.

ನಡುರಾತ್ರಿಯಲ್ಲಿ ಪೊಟ್ಟಣವು ದೊರೆಯದಿದ್ದರೆ ಒಂದು ಲೀಟರು ಶುದ್ಧ ನೀರಿಗೆ ತಲೆಗಟ್ಟಿದ ಆರು ಟೀ ಚಮಚ ಸಕ್ಕರೆಯನ್ನೂ ಅರ್ಧ ಟೀ ಚಮಚ ಉಪ್ಪನ್ನೂ ಹಾಕಿ ಕದಡಬಹುದು. ತಲೆಗಟ್ಟುವುದೆಂದರೆ ಚಮಚದ ಅಂಚಿಗೆ ಸಮನಾಗಿ ಬೆರಳಿನಿಂದ ಒರೆಸುವುದು; ರಾಶಿಯಾಗಿ ತುಂಬಬಾರದು. ಕಣ್ಣೀರಿಗಿಂತ ಹೆಚ್ಚು ಉಪ್ಪಾಗಿದ್ದರೆ ಅದನ್ನು ಚೆಲ್ಲಬೇಕು. ಇದು ಪೊಟ್ಟಣವು ಕೈಗೆ ಬರುವ ತನಕ ಮಾತ್ರ. ಎಳನೀರು, ಅನ್ನದ ಗಂಜಿ, ಉಪ್ಪು ಹಾಕಿದ ನೀರುಮಜ್ಜಿಗೆ ಇವು ಆರು ತಿಂಗಳು ದಾಟಿದ ಮಕ್ಕಳಿಗೆ ಒಳ್ಳೆಯವೇ. ಆದರೆ ಎಳನೀರಿನಲ್ಲಿ ಬೇಕಾದಷ್ಟು ಉಪ್ಪಿಲ್ಲದಿರುವುದರಿಂದ ಅದೊಂದನ್ನೇ ನೆಚ್ಚಿಕೊಂಡಿರಬಾರದು.

ಕುಡಿಸುವ ಕ್ರಮ

ಎರಡು ವರ್ಷದೊಳಗಿನ ಮಗುವಿಗೆ ಒಂದೊಂದು ಸಾರಿ ಭೇದಿಯಾದ ಮೇಲೂ 50ರಿಂದ 100 ಮಿಲಿಲೀಟರು, ಅಂದರೆ ಸಾಧಾರಣ ನೀರಿನ ಲೋಟದ ಕಾಲು ಭಾಗದಿಂದ ಅರ್ಧ ಭಾಗದ ವರೆಗೆ ಕುಡಿಸಬೇಕು. ಎರಡು ವರ್ಷ ದಾಟಿದವರಿಗೆ ಅರ್ಧ ಲೋಟದಿಂದ ಒಂದು ಲೋಟ. ಇದನ್ನು ಒಂದೇ ಗುಟುಕಿಗೆ ಸುರಿದರೆ ಮಗುವು ಕಕ್ಕಿಬಿಡುವುದು. ಒಂದೆರಡು ನಿಮಿಷಕ್ಕೆ ಒಂದು ಚಮಚದಂತೆ, ಅವಸರವಿಲ್ಲದೆ, ಕೊಡುತ್ತಿರಬೇಕು. ಕಕ್ಕಿದರೆ ಗಾಬರಿಪಡದೆ ಹತ್ತು ನಿಮಿಷ ತಡೆದು, ಮತ್ತೆ ಎರಡು ಮೂರು ನಿಮಿಷಕ್ಕೊಂದು ಚಮಚದಂತೆ ಮೊದಲುಮಾಡಬೇಕು. ಕಕ್ಕಿದುದಕ್ಕಿಂತ ಒಳಗೆ ಉಳಿದುದೇ ಹೆಚ್ಚಾಗಿರುವುದು.

ನಮ್ಮ ಮನೆಗಳಲ್ಲಿ ಒಳಲೆಯಿಂದ ಕುಡಿಸುವ ರೂಢಿಯುಂಟು. ಒಳಲೆಯನ್ನು ಪ್ರತಿ ಸಾರಿಯೂ ತೊಳೆದು ಕುದಿಯುವ ನೀರಿನಲ್ಲಿ ಅದ್ದಿ ತೆಗೆಯುವುದಾದರೆ ಅಡ್ಡಿಯಿಲ್ಲ. ಆದರೆ ಮಗುವನ್ನು ಕಾಲಿನ ಮೇಲೆ ಅಂಗಾತ ಮಲಗಿಸಿ, ಮೂಗು ಹಿಡಿದು, ಗಂಟಲಿಗೆ ಸುರಿಯುವುದು ಖಂಡಿತವಾಗಿಯೂ ಕೂಡದು. ನೀರು ಶ್ವಾಸನಾಳಕ್ಕೆ ಹೋಗುವ ಭಯವಿರುವುದು. ತೊಡೆಯ ಮೇಲೆ ತಲೆಯೆತ್ತರವಾಗಿ ಕೂಡಿಸಿಕೊಂಡು, ಅದು ನುಂಗುವುದನ್ನು ನೋಡಿ ಮುಂದಿನ ಗುಟುಕನ್ನು ಕೊಡಬೇಕು. ರಬ್ಬರಿನ ತೊಟ್ಟಿರುವ ಬಾಟಲಿಯು ರೋಗಾಣುಗಳಿಗೆ ತೌರುಮನೆ. ಅದನ್ನು ಬಿಟ್ಟುಬಿಡುವುದೇ ಲೇಸು.

ಈ ಕೆಲಸವು ಒಬ್ಬರಿಂದ ಆಗತಕ್ಕುದಲ್ಲ. ನಿಮಿಷಕ್ಕೊಂದು ಚಮಚದಂತೆ ರಾತ್ರಿಯೆಲ್ಲ ಕುಡಿಸುವ ತಾಯಿಗೆ ಕಣ್ಣು ಮುಚ್ಚುವುದು ಸಹಜ. ತಂದೆ, ಅತ್ತೆ, ಮಾವ, ಅತ್ತಿಗೆ, ಮನೆಯಲ್ಲಿ ಯಾರಿರುವರೋ ಅವರೆಲ್ಲರೂ ಎರಡೆರಡು ಗಂಟೆಯ ಸರದಿಯನ್ನು ಹಂಚಿಕೊಳ್ಳಬೇಕು. “ಮಗುವಿನ ಆರೈಕೆ ಹೆಂಗಸರ ಪಾಲು” ಎಂದು ಹಾಸಿಗೆಗೆ ಹೋಗುವ ಗಂಡಸರು ಬನಗಾಂವ್ ಆಸ್ಪತ್ರೆಯಲ್ಲಿ ಹೆಂಡಿರ ಮಕ್ಕಳ ತಲೆಯ ಬಳಿ ಲೋಟ ಹಿಡಿದು ಕುಳಿತಿದ್ದವರನ್ನು ನೆನೆಯಲಿ.

ಇಲ್ಲಿ ಒಂದು ಮಾತನ್ನು ಮರೆಮಾಚದೆ ಹೇಳಬೇಕು. ಓ. ಆರ್. ಎಸ್. ನೀರು ಭೇದಿಯನ್ನು ನಿಲ್ಲಿಸುವ ಔಷಧವಲ್ಲ. ಅದನ್ನು ಕುಡಿಸಿದ ದಿನವೂ ಮರುದಿನವೂ ಭೇದಿಯಾಗುತ್ತಲೇ ಇರಬಹುದು. ಸಾಮಾನ್ಯವಾಗಿ ಮೂರರಿಂದ ಏಳು ದಿನಗಳಲ್ಲಿ ತಾನಾಗಿಯೇ ನಿಲ್ಲುವುದು. ಇದನ್ನು ತಿಳಿಯದವರು “ಎರಡು ಲೋಟ ಕುಡಿಸಿದೆವು, ಗುಣ ಕಾಣಲಿಲ್ಲ” ಎಂದು ಕೈಬಿಡುವರು. ಆದುದರಿಂದ ಭೇದಿಯನ್ನು ಎಣಿಸುತ್ತ ಕೂಡುವುದಕ್ಕೆ ಬದಲಾಗಿ ಮಗುವು ಎಷ್ಟು ಸಾರಿ ಉಚ್ಚೆ ಹೊಯ್ದಿತೆಂಬುದನ್ನು ಎಣಿಸಬೇಕು. ಉಚ್ಚೆಯು ತಿಳಿಯಾಗಿ ಹೊತ್ತು ಹೊತ್ತಿಗೆ ಆಗುತ್ತಿದ್ದರೆ, ನಾಲಿಗೆ ಒದ್ದೆಯಾಗಿದ್ದರೆ, ಅಳುವಾಗ ಕಣ್ಣೀರು ಬರುತ್ತಿದ್ದರೆ, ನೀವು ಕುಡಿಸಿದುದು ಸಾರ್ಥಕವಾಗುತ್ತಿರುವುದೆಂದೇ ತಿಳಿಯಿರಿ. ಈಚೆಗೆ ಬಳಕೆಗೆ ಬಂದಿರುವ ಡಯಾಪರುಗಳು ಉಚ್ಚೆಯನ್ನೂ ನೀರುಭೇದಿಯನ್ನೂ ಒಟ್ಟಿಗೆ ಹೀರಿಕೊಳ್ಳುವುದರಿಂದ ಲೆಕ್ಕವು ತಪ್ಪುವುದು. ಕಾಯಿಲೆಯ ದಿನಗಳಲ್ಲಿ ಹಳೆಯ ಪಂಚೆಯ ಮೆತ್ತನೆಯ ಬಟ್ಟೆಯೇ ಅನುಕೂಲ.

ಆಹಾರ ಮತ್ತು ಸತುವು

ಮೊಲೆಯುಣ್ಣುವ ಕೂಸಿಗೆ ಮೊಲೆಹಾಲನ್ನು ಎಂದಿಗೂ ನಿಲ್ಲಿಸಬಾರದು. ಎಂದಿಗಿಂತ ಹೆಚ್ಚು ಸಾರಿ ಕೊಡಬೇಕು. ಆರು ತಿಂಗಳೊಳಗಿನ ಕೂಸಿಗೆ ಮೊಲೆಹಾಲು ಮತ್ತು ಓ. ಆರ್. ಎಸ್. ನೀರು ಇವೆರಡನ್ನು ಬಿಟ್ಟು ಬೇರೇನೂ ಬೇಡ. ತಾಯಿಯ ಹಾಲು ಕೆಟ್ಟುದರಿಂದ ಭೇದಿಯಾಯಿತೆಂದು ಆಕೆಗೆ ಪಥ್ಯವಿಟ್ಟು ಬಳಲಿಸುವುದೂ ಬೇಡ. ಆಕೆಯು ಹೊಟ್ಟೆತುಂಬ ಉಂಡು ನೀರು ಕುಡಿಯಲಿ.

ಊಟ ಮಾಡುವ ಮಗುವಿಗೆ ಮೆತ್ತಗೆ ಮಾಡಿದ ಮಜ್ಜಿಗೆಯನ್ನ, ಹೆಸರುಬೇಳೆಯ ಹುಗ್ಗಿ, ಇಡ್ಲಿ, ಚೆನ್ನಾಗಿ ಕಳಿತ ಬಾಳೆಯಹಣ್ಣು, ರಾಗಿಯ ಸರಿ ಮುಂತಾದುವನ್ನು ಸ್ವಲ್ಪ ಸ್ವಲ್ಪವಾಗಿ ಮೂರು ನಾಲ್ಕು ಗಂಟೆಗೊಂದು ಸಾರಿ ಕೊಡಬೇಕು. ಅನ್ನಕ್ಕೆ ಅರ್ಧ ಚಮಚ ತುಪ್ಪವನ್ನೋ ಎಣ್ಣೆಯನ್ನೋ ಕಲಸಿದರೆ ಬಲವು ಬರುವುದು. ಅಭ್ಯಾಸವಾಗಿರುವ ಹಸುವಿನ ಹಾಲಿಗೆ ನೀರು ಬೆರೆಸಿ ತೆಳ್ಳಗೆ ಮಾಡುವ ಅವಶ್ಯಕತೆಯಿಲ್ಲ. ಉಣ್ಣದೆ ಹಠಮಾಡಿದರೆ ಬಲವಂತ ಬೇಡ. ಕೊಂಚ ಹೊತ್ತು ಬಿಟ್ಟು ಮತ್ತೆ ಕೊಟ್ಟು ನೋಡಬೇಕು. ಗುಣವಾದ ಮೇಲೆ ಎರಡು ವಾರಗಳ ಕಾಲ ದಿನಕ್ಕೊಂದು ಹೊತ್ತಿನ ಊಟವನ್ನು ಹೆಚ್ಚಾಗಿ ಕೊಟ್ಟರೆ ಕಳೆದುಕೊಂಡ ತೂಕವು ಮರಳಿ ಬರುವುದು. ಉಪವಾಸದಿಂದ ಬಡವಾದ ಮಗುವಿಗೆ ಮತ್ತೆ ಭೇದಿಯು ಹಿಡಿಯುವುದೂ, ಭೇದಿಯಿಂದ ಮತ್ತೂ ಬಡವಾಗುವುದೂ ಗಾಣದೆತ್ತಿನ ಸುತ್ತಿನಂತೆ ನಡೆಯುವುದನ್ನು ಆಹಾರವೇ ನಿಲ್ಲಿಸಬಲ್ಲದು.

ಇದರೊಡನೆ ಸತುವಿನ ಮಾತ್ರೆಯೂ ಅವಶ್ಯವಾದುದು. ಔಷಧದ ಅಂಗಡಿಯವರು ಇದನ್ನು ಜಿಂಕ್ ಮಾತ್ರೆಯೆನ್ನುವರು. ಭೇದಿಯ ಕಾಲದಲ್ಲಿ ಮೈಯಿಂದ ಸತುವೂ ಹೋಗುವುದು. ಅದನ್ನು ತುಂಬಿದರೆ ಭೇದಿಯು ಬೇಗ ಇಳಿಯುವುದಲ್ಲದೆ ಮುಂದಿನ ಎರಡು ಮೂರು ತಿಂಗಳು ಮತ್ತೆ ಬರುವುದೂ ಕಡಿಮೆಯಾಗುವುದು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಸಂಸ್ಥೆಗಳು 2004ರಲ್ಲಿಯೇ ಇದನ್ನು ಓ. ಆರ್. ಎಸ್. ಜತೆಯಲ್ಲಿ ಕೊಡಬೇಕೆಂದು ಹೇಳಿದುವು. ನಮ್ಮ ದೇಶದ ಕ್ರಮದಂತೆ ಎರಡರಿಂದ ಆರು ತಿಂಗಳಿನ ಶಿಶುವಿಗೆ ದಿನಕ್ಕೆ 10 ಮಿಲಿಗ್ರಾಂ, ಆರು ತಿಂಗಳು ದಾಟಿದ ಮಗುವಿಗೆ 20 ಮಿಲಿಗ್ರಾಂ, ಒಟ್ಟು 14 ದಿನಗಳು. ಮಾತ್ರೆಯನ್ನು ಒಂದು ಚಮಚ ಮೊಲೆಹಾಲಿನಲ್ಲಿಯೋ ನೀರಿನಲ್ಲಿಯೋ ಕರಗಿಸಿ ಕುಡಿಸಬಹುದು. ಭೇದಿಯು ಮೂರನೆಯ ದಿನಕ್ಕೆ ನಿಂತರೂ ಹದಿನಾಲ್ಕು ದಿನಗಳನ್ನು ಪೂರೈಸಲೇಬೇಕು. ಮೇಲೆ ಹೇಳಿದ ಸಮೀಕ್ಷೆಯಲ್ಲಿ ನೂರರಲ್ಲಿ ಸುಮಾರು 30 ಮಕ್ಕಳಿಗೆ ಮಾತ್ರ ಸತುವು ದೊರೆತಿತ್ತೆಂಬುದು ವಿಷಾದಕರವಾದ ಸಂಗತಿ.

ವೈದ್ಯರ ಬಳಿಗೆ ಯಾವಾಗ?

ಮನೆಯ ಉಪಚಾರಕ್ಕೂ ಒಂದು ಎಲ್ಲೆಯುಂಟು. ಎರಡು ತಿಂಗಳೊಳಗಿನ ಶಿಶುವಿಗೆ ಭೇದಿಯಾದರೆ ಮನೆಯಲ್ಲಿ ಕಾಯದೆ, ದಾರಿಯಲ್ಲಿಯೂ ಮೊಲೆಯೂಡುತ್ತ, ಕೂಡಲೇ ವೈದ್ಯರಲ್ಲಿಗೆ ಹೋಗಬೇಕು. ದೊಡ್ಡ ಮಕ್ಕಳಲ್ಲಿ ಈ ಲಕ್ಷಣಗಳಲ್ಲಿ ಯಾವುದೊಂದು ಕಂಡರೂ ತಡಮಾಡಕೂಡದು: ಮಲದಲ್ಲಿ ರಕ್ತ, ಕುಡಿಸಿದುದನ್ನೆಲ್ಲ ವಾಂತಿ ಮಾಡುವುದು, ಆರು ಗಂಟೆಗಳಾದರೂ ಉಚ್ಚೆಯಿಲ್ಲದಿರುವುದು, ಹೆಚ್ಚಾದ ಜ್ವರ, ಫಿಟ್ಸು, ಕಣ್ಣುಗಳು ಗುಳಿಬೀಳುವುದು, ಎಳೆಯ ಕೂಸಿನ ನೆತ್ತಿಯ ಮೆತ್ತನೆಯ ಭಾಗವು ಕುಳಿಯಾಗುವುದು, ಕರೆದರೆ ಎಚ್ಚರಗೊಳ್ಳದೆ ಮಂಕಾಗಿರುವುದು, ಕುಡಿಯಲಾರದಿರುವುದು.

ನೆತ್ತಿ ಕುಳಿಬಿದ್ದರೆ ಹರಳೆಣ್ಣೆಯನ್ನು ಒತ್ತಿ ಏಳಿಸುವೆವೆನ್ನುವವರಿರುವರು. ಮೈಯೊಳಗೆ ನೀರು ಬತ್ತಿದುದೇ ಅದಕ್ಕೆ ಕಾರಣವಾದುದರಿಂದ ಹೊರಗಿನ ಎಣ್ಣೆಯಿಂದ ಅದು ಏಳದು. ನೀರು ತುಂಬಿದರೆ ತಾನೇ ಏಳುವುದು. ಇನ್ನೊಂದು ಪರೀಕ್ಷೆಯನ್ನೂ ಮನೆಯವರು ಕಲಿತಿರಬೇಕು. ಹೊಕ್ಕುಳಿಗೂ ಪಕ್ಕೆಗೂ ನಡುವೆ ಹೊಟ್ಟೆಯ ಚರ್ಮವನ್ನು ಎರಡು ಬೆರಳುಗಳಿಂದ ಮೆಲ್ಲಗೆ ಹಿಡಿದೆತ್ತಿ ಬಿಟ್ಟರೆ, ಆರೋಗ್ಯವಂತ ಮಗುವಿನ ಚರ್ಮವು ತಟ್ಟನೆ ಮೊದಲಿನಂತಾಗುವುದು. ಮಡಿಕೆಯು ನಿಧಾನವಾಗಿ ಇಳಿದರೆ ನೀರು ಕಡಿಮೆಯಾಗಿರುವುದೆಂದೂ, ಎರಡು ಸೆಕೆಂಡಿಗಿಂತ ಹೆಚ್ಚು ಕಾಲ ನಿಂತರೆ ಪ್ರಾಣಾಪಾಯವು ಸಮೀಪಿಸಿರುವುದೆಂದೂ ತಿಳಿಯಬೇಕು. ಅಂತಹ ಮಗುವಿಗೆ ಆಸ್ಪತ್ರೆಯಲ್ಲಿ ರಕ್ತನಾಳದ ಮೂಲಕ ನೀರೇರಿಸಬೇಕಾಗುವುದು. ನಮ್ಮ ರಾಜ್ಯದಲ್ಲಿ 108 ಸಂಖ್ಯೆಗೆ ದೂರವಾಣಿ ಮಾಡಿದರೆ ಆಂಬುಲೆನ್ಸು ಬರುವುದು. ಅದು ಬರುವ ತನಕವೂ, ದಾರಿಯುದ್ದಕ್ಕೂ, ಮಗುವಿಗೆ ಎಚ್ಚರವಿದ್ದು ನುಂಗಬಲ್ಲುದಾದರೆ ಚಮಚದಿಂದ ಕುಡಿಸುತ್ತಲೇ ಇರಬೇಕು. ಮಂಕಾಗಿ ನುಂಗಲಾರದ ಮಗುವಿನ ಬಾಯಿಗೆ ಮಾತ್ರ ಏನನ್ನೂ ಹಾಕಬಾರದು.

ಮಲದಲ್ಲಿ ರಕ್ತವು ಕಂಡಾಗ ವೈದ್ಯರು ಆಂಟಿಬಯೋಟಿಕ್ ಔಷಧವನ್ನು ಕೊಡುವರು. ಸಾಧಾರಣ ನೀರುಭೇದಿಗೆ ಅದರ ಅಗತ್ಯವಿಲ್ಲ; ಹಿಂದಿನ ಸಾರಿ ಉಳಿದಿದ್ದ ಸೀಸೆಯಿಂದ ಅಳತೆಯಿಲ್ಲದೆ ಕೊಡುವುದು ಕೆಡುಕಿಗೇ ದಾರಿ.

ಬಾರದಂತೆ ಮಾಡುವ ಬಗೆ

ರೋಗವು ಒಬ್ಬರ ಮಲದಿಂದ ಇನ್ನೊಬ್ಬರ ಬಾಯಿಗೆ ಕೈಗಳ ಮೂಲಕ, ನೀರಿನ ಮೂಲಕ, ನೊಣಗಳ ಮೂಲಕ ಸಾಗುವುದು. ಕೂಸಿನ ಮಲದಲ್ಲಿ ದೋಷವಿಲ್ಲವೆಂಬ ಭಾವನೆಯು ತಪ್ಪು. ಅದನ್ನು ಬಚ್ಚಲಿಗೋ ಹಿತ್ತಲಿಗೋ ಚೆಲ್ಲದೆ ಪಾಯಖಾನೆಗೆ ಹಾಕಬೇಕು. ಮಗುವನ್ನು ತೊಳೆದ ಮೇಲೂ, ಅಡಿಗೆಗೆ ಮುಂಚೆಯೂ, ಉಣಿಸುವುದಕ್ಕೆ ಮುಂಚೆಯೂ ಸಾಬೂನಿನಿಂದ ಕೈತೊಳೆಯುವುದೊಂದೇ ಅಭ್ಯಾಸದಿಂದ ಬಹಳ ರೋಗವು ದೂರವಾಗುವುದು. ಕುಡಿಯುವ ನೀರನ್ನು ಕುದಿಸಿ ಮುಚ್ಚಿಟ್ಟು, ಹಿಡಿಯಿರುವ ಸೌಟಿನಿಂದ ತೆಗೆಯಬೇಕು. ಕೈ ಅದ್ದಿ ತೆಗೆಯಬಾರದು. ಶಿಶುಗಳ ಉಗ್ರವಾದ ಭೇದಿಗೆ ಮುಖ್ಯ ಕಾರಣಗಳಲ್ಲೊಂದಾದ ರೋಟಾ ವೈರಾಣುವಿಗೆ ಬಾಯಿಯ ಮೂಲಕ ಕೊಡುವ ಲಸಿಕೆಯುಂಟು. ಸರ್ಕಾರದ ಲಸಿಕೆಯ ಕಾರ್ಯಕ್ರಮದಲ್ಲಿ ಇದು 2016ರಲ್ಲಿ ನಾಲ್ಕು ರಾಜ್ಯಗಳಲ್ಲಿ ಆರಂಭವಾಗಿ 2019ರ ಹೊತ್ತಿಗೆ ದೇಶವೆಲ್ಲವನ್ನೂ ಮುಟ್ಟಿತು. ಆರನೆಯ, ಹತ್ತನೆಯ ಮತ್ತು ಹದಿನಾಲ್ಕನೆಯ ವಾರಗಳಲ್ಲಿ ಇದನ್ನು ತಪ್ಪದೆ ಹಾಕಿಸಬೇಕು.

ಮನೆಯಲ್ಲಿ ಐದು ವರ್ಷದೊಳಗಿನ ಮಗುವಿರುವ ಪ್ರತಿಯೊಬ್ಬ ಗೃಹಸ್ಥರೂ ಈ ವಾರವೇ ಒಂದು ಕೆಲಸವನ್ನು ಮಾಡಬೇಕೆಂದು ಕೇಳಿಕೊಳ್ಳುವೆವು. ಓ. ಆರ್. ಎಸ್. ಪೊಟ್ಟಣಗಳು ಎರಡು, ಸತುವಿನ ಮಾತ್ರೆಗಳು ಹದಿನಾಲ್ಕು, ಒಂದು ಲೀಟರಿನ ಅಳತೆ, ಒಂದು ಶುದ್ಧವಾದ ಚಮಚ, ಇಷ್ಟನ್ನು ಒಂದು ಡಬ್ಬಿಯಲ್ಲಿ ಹಾಕಿ, ವೈದ್ಯರ ದೂರವಾಣಿಯ ಸಂಖ್ಯೆಯನ್ನು ಅದರ ಮುಚ್ಚಳದ ಮೇಲೆ ಬರೆದು, ಮಗುವಿನ ಕೈಗೆ ಎಟುಕದೆ ದೊಡ್ಡವರಿಗೆಲ್ಲ ಕಾಣುವ ಸ್ಥಳದಲ್ಲಿಡಿರಿ. ಪೊಟ್ಟಣದ ಮೇಲಿನ ತಾರೀಕು ಮುಗಿದರೆ ಬದಲಾಯಿಸಿರಿ. ಮತ್ತು ಆ ಡಬ್ಬಿಯು ಎಲ್ಲಿದೆಯೆಂಬುದನ್ನು, ಏತಕ್ಕೆಂಬುದನ್ನು, ಮನೆಯ ಅಜ್ಜಿಗೂ ತಾತನಿಗೂ ಇಂದೇ ವಿವರಿಸಿ ಹೇಳಿರಿ. ರಾತ್ರಿ ಎರಡು ಗಂಟೆಗೆ, ಮಗುವು ಮುಲುಗುತ್ತಿರುವಾಗ, ಮನೆಯವರಲ್ಲಿ ವಾದಕ್ಕೆ ಸಮಯವಿರುವುದಿಲ್ಲ.